ಶ್ರಾವಣ ಸೋಮವಾರವೂ ಜಿರಾಫೆಯೂ

ನನಗೆ ಸಿಟ್ಟು ಬಂದಿದೆ, ಅದೂ ಜಿರಾಫೆಯ ವಿಷಯಕ್ಕೆ. ಅರವತ್ತೈದರ ಹೆಂಗಸು ಸಿಟ್ಟಾಗಲು ಸೊಸೆ, ಸೊಪ್ಪು ಮಾರುವವಳು, ಗ್ಯಾಸ್ ಸಿಲಿಂಡರು ಎಂದು ಮರ್ಯಾದಸ್ಥ ಕಾರಣಗಳು ಬೇಕಾದಷ್ಟಿರುವಾಗ ಜಿರಾಫೆ ಯಾಕೆ ಎಂದು ನೀವು ಕೇಳಬಹುದು. ಹೇಳುತ್ತೇನೆ.

ಆಂಧ್ರದ ಗಡಿಯೊಳಗಿರುವ ಆದೋನಿಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿದವಳು ನಾನು. ಗೋಡೆಗೆ ನಕಾಶೆ ತೂಗುಹಾಕಿ, ಕೋಲಿನ ತುದಿಯಿಂದ ಆಫ್ರಿಕಾದ ಹುಲ್ಲುಗಾವಲನ್ನು ತೋರಿಸಿದ್ದೇ ತೋರಿಸಿದ್ದು. ಕಾಣದ ಊರಿನ ವರ್ಣನೆಯೂ ಒಂದು ಬಗೆಯ ಸುಳ್ಳೇ. ನಿವೃತ್ತಿಯಾದ ಮೇಲೆ ಒಮ್ಮೆ ಹೋಗಿ ಆ ಹುಲ್ಲುಗಾವಲನ್ನೂ ಅಲ್ಲಿನ ಜಿರಾಫೆಯನ್ನೂ ಕಣ್ಣಾರೆ ನೋಡಿ ಬರುತ್ತೇನೆಂದುಕೊಂಡಿದ್ದೆ. ಏಳು ವರ್ಷ ಕಳೆಯಿತು. ಮೊನ್ನೆ ನನ್ನ ಮಂಡಿ ನೋಡಿದ ಕರ್ನೂಲಿನ ಡಾಕ್ಟರು, ಜೀಪು ಹತ್ತಿಳಿಯುವ ಆಸೆಯಿದ್ದರೆ ಇದೇ ವರ್ಷ ಮುಗಿಸಿಕೊಳ್ಳಿ ಎಂದರು.

ಆಫ್ರಿಕಾದಲ್ಲಿ ಹುಲ್ಲು ಒಣಗಿ ಪ್ರಾಣಿಗಳು ನೀರಿನ ಹತ್ತಿರ ಗುಂಪುಗೂಡುವುದು ಜೂನ್ ಕಳೆದ ಮೇಲೆ. ಇದು ಸಿಂಹಕ್ಕೂ ಗೊತ್ತು, ಜೀಬ್ರಾಕ್ಕೂ ಗೊತ್ತು, ನಮ್ಮ ಮನೆಯವರಿಗೆ ಮಾತ್ರ ಬೇಕಿಲ್ಲ. ಜುಲೈ ಆಷಾಢ, ದೂರ ಹೊರಡಬಾರದೆಂದು ಹೊಳಗುಂದದಿಂದ ಯಜಮಾನರ ಅಕ್ಕನ ಫೋನು. ಆಗಸ್ಟ್ ಶ್ರಾವಣ. ಸೋಮವಾರಕ್ಕೊಮ್ಮೆ ಮಠದ ಅಯ್ಯನವರು ಬರಬೇಕು, ಪಾದಪೂಜೆಯಾಗಬೇಕು, ಹಿರಿಸೊಸೆಯೇ ಹೋಳಿಗೆ ಮಾಡಿ ಬಡಿಸಬೇಕು. ಹಿರಿಸೊಸೆ ನಾನು. ಅತ್ತೆ ತೀರಿಕೊಂಡು ಎಷ್ಟೋ ವರ್ಷವಾದರೂ ಆ ಹುದ್ದೆಗೆ ನಿವೃತ್ತಿಯಿಲ್ಲ. ಸೆಪ್ಟೆಂಬರ್‌ಗೆ ಗಣೇಶನ ಹಬ್ಬ, ಅದರ ಬೆನ್ನಿಗೇ ಹಿರಿಯರ ಪೂಜೆ. ದಸರೆಯ ಹೊತ್ತಿಗೆ ಹೊಸ ಹತ್ತಿ ಮಾರುಕಟ್ಟೆಗೆ ಬಂತೆಂದರೆ ಹತ್ತಿ ವ್ಯಾಪಾರಿಯಾದ ನಮ್ಮ ಯಜಮಾನರು ತಿಂಗಳುಗಟ್ಟಲೆ ಮಾತಿಗೇ ಸಿಗುವುದಿಲ್ಲ. ಅವರಿಗೆ ಬಿಡುವು ಏಪ್ರಿಲ್‌ನಲ್ಲಿ. ಆಗ ಅಲ್ಲಿ ಜಡಿಮಳೆ, ಆಳೆತ್ತರದ ಹುಲ್ಲು.

"ಏಪ್ರಿಲ್‌ನಾಗ ಹೋದ್ರ ಏನಾತು? ಪ್ರಾಣಿ ಎಲ್ಲಿಗೆ ಹೋಗ್ತಾವ, ಅಲ್ಲೇ ಇರ್ತಾವಲ್ಲ," ಎಂದರು ಪೇಪರಿನಿಂದ ತಲೆಯೆತ್ತದೆ. ಹಾಗಾದರೆ ನೀವು ಹೊಸ ಹತ್ತಿ ಕೊಳ್ಳಲು ಏಪ್ರಿಲ್‌ನಲ್ಲೇ ಹೋಗಿ ಎಂದೆ. ಹತ್ತಿಯ ಮಾತು ಬೇರೆಯಂತೆ.

ಮೈಯೆಲ್ಲ ಉರಿಯಿತು. ನೇರ ಅಯ್ಯನವರ ಬಳಿಗೇ ಹೋದೆ. ಈ ಶ್ರಾವಣ ನಾನು ಬಡಿಸುವುದಿಲ್ಲ, ಶಾಪ ಕೊಡುವುದಿದ್ದರೆ ಈಗಲೇ ಕೊಟ್ಟುಬಿಡಿ ಎಂದೆ. ಎಪ್ಪತ್ತು ದಾಟಿದ ಆ ಹಿರಿಯರು ಒಮ್ಮೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ನನಗ ಸಕ್ಕರಿ ಬ್ಯಾನಿ ಬಂದು ಆರು ವರ್ಷ ಆತವ್ವ. ಬ್ಯಾಡಂದ್ರ ನೀ ನೊಂದುಕೊಂತಿ ಅಂತ ಹೋಳಿಗಿ ಉಣ್ಣಾಕತ್ತೀನಿ. ಹೋಗಿ ಬಾರವ್ವ, ನಾನೂ ಒಂದು ಶ್ರಾವಣ ಆರಾಮ ಇರ್ತೀನಿ."

ನಗಬೇಕಿತ್ತು, ನಗು ಬರಲಿಲ್ಲ. ಆರು ಶ್ರಾವಣ ನಾನು ಬೆವರು ಸುರಿಸಿ ಬೇಯಿಸಿದೆ, ಅವರು ಹೆದರಿ ಹೆದರಿ ನುಂಗಿದರು. ಒಬ್ಬರನ್ನೊಬ್ಬರು ಒಂದು ಮಾತು ಕೇಳಲಿಲ್ಲ. ಮನೆಮಂದಿಯ ಮೇಲಿದ್ದ ಸಿಟ್ಟೆಲ್ಲ ತಿರುಗಿ ನನ್ನ ಮೇಲೆ ಬಂತು. ಪ್ರಶ್ನೆ ಕೇಳದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವಳು ನಾನು. ನನ್ನನ್ನು ಎಷ್ಟು ವರ್ಷ ನಿಲ್ಲಿಸಬೇಕು?

ಎಮ್ಮಿಗನೂರಿನಲ್ಲಿರುವ ನನ್ನ ಗೆಳತಿ, ನಮ್ಮ ಶಾಲೆಯ ತೆಲುಗು ಟೀಚರಾಗಿದ್ದವಳು, ವಿಷಯ ಕೇಳಿದ್ದೇ ತಡ "ಪದವೇ, ಪೋದಾಂ! ನಡಿಯೇ, ಹೋಗೋಣ, ನಾನೂ ಬರ್ತೀನಿ," ಎಂದಳು. ಆಗಸ್ಟ್‌ಗೆ ಎರಡು ಟಿಕೆಟ್ ಆಗಿದೆ.

ಯಜಮಾನರು ಜಗಳವಾಡಲಿಲ್ಲ. "ಮೊದ್ಲು ನಿನ್ನ ಸಿಟ್ಟು ಇಳೀಲಿ, ಆಮ್ಯಾಲ ಮಾತಾಡೋಣ," ಎಂದಷ್ಟೇ ಹೇಳಿ ಅಂಗಡಿಗೆ ಹೋದರು. ಇದು ಅವರ ಹಳೆಯ ವಿದ್ಯೆ. ಮದುವೆಯಾದಂದಿನಿಂದ ಅವರು ಕಾಯುತ್ತಾರೆ, ನನ್ನ ಸಿಟ್ಟು ಇಳಿಯುತ್ತದೆ, ಇಳಿದ ಮೇಲೆ ನಾನು ಎದ್ದು ಒಲೆ ಹಚ್ಚುತ್ತೇನೆ, ಮಾತಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಹಾಗಾಗಿ ಈ ಸಲ ಸಮಾಧಾನ ಹೇಳಲು ಬಂದವರಿಗೆಲ್ಲ ಕೈಮುಗಿದು ಕಳಿಸುತ್ತಿದ್ದೇನೆ. ಆಫ್ರಿಕಾಕ್ಕೆ ಹೋಗಲು ಒಳ್ಳೆಯ ತಿಂಗಳು ಯಾವುದೆಂದು ನೀವು ಕೇಳಿದರೆ, ನಾನು ಕಂಡುಕೊಂಡದ್ದು ಇಷ್ಟು: ಸಿಟ್ಟು ಆರುವುದಕ್ಕೆ ಮೊದಲು ಬರುವ ತಿಂಗಳು.