ಜೈಲಿನವಳೂ ನಾನೂ ನಮ್ಮ ಅಮ್ಮಾವ್ರೂ

ಅಮ್ಮಾವ್ರು ನನ್ನವರು ಎಂದೇ ನಾನು ತಿಳಿದಿದ್ದೆ. ಸಮುದ್ರದಾಚೆಯ ಒಂದು ಚಳಿದೇಶದಿಂದ ಬಂದು ಬೆಟಗೇರಿಯಲ್ಲಿ ನಮ್ಮ ಮಿಶನ್ ಬೋರ್ಡಿಂಗ್ ನಡೆಸುತ್ತಿದ್ದವರು ಅವರು. ನನ್ನ ಆರನೆಯ ವರ್ಷದಲ್ಲಿ, ಎರಡನೆಯ ಬಾಣಂತಿತನದಲ್ಲಿ ನನ್ನ ತಾಯಿ ತೀರಿಕೊಂಡಾಗ, ಮಗ್ಗ ಬಿಟ್ಟರೆ ಬೇರೇನೂ ತಿಳಿಯದ ನನ್ನಪ್ಪ ನನ್ನನ್ನು ತಂದು ಅವರ ಕೈಗೆ ಒಪ್ಪಿಸಿದ್ದ. ಬೋರ್ಡಿಂಗಿನಲ್ಲಿ ಹುಡುಗಿಯರು ಬಹಳ ಮಂದಿ. ಆದರೆ ಇಂಗ್ಲಿಷು ನಾಲಿಗೆಗೆ ಹತ್ತಿದ್ದು ನನಗೊಬ್ಬಳಿಗೇ. ಅಮ್ಮಾವ್ರಿಗೆ ಕನ್ನಡ ಹತ್ತಿರಲಿಲ್ಲ. ಸಂಜೆ ವ್ಯಾಕರಣದ ಪುಸ್ತಕ ತೆರೆದು ನಾನೇ ಕಲಿಸುತ್ತಿದ್ದೆ. "ಹೋಗುತ್ತೇನೆ" ಎನ್ನಲು ಹೋಗಿ ಅವರು "ಹೋಗುತ್ತಾನೆ" ಎಂದರೆ ಇಬ್ಬರೂ ನಗುತ್ತಿದ್ದೆವು. ಹೀಗಾಗಿ ಅವರು ಎಲ್ಲಿಗೆ ಹೋದರೂ ದುಭಾಷಿಯಾಗಿ ಜೊತೆಗೆ ನಾನು. ಓಣಿಯವರು ನನ್ನನ್ನು "ಅಮ್ಮಾವ್ರ ನಾಲಿಗಿ" ಎನ್ನುತ್ತಿದ್ದರು. ಅದು ನನಗೆ ಹಿಗ್ಗಿನ ಹೆಸರು.

ಸ್ವಾತಂತ್ರ್ಯ ಬಂದ ಮೇಲೆ ಬಿಳಿಯರು ಅನೇಕರು ಗಂಟು ಕಟ್ಟಿದರು. ಅಮ್ಮಾವ್ರು ಕಟ್ಟಲಿಲ್ಲ. ಗದಗಿನ ಜೈಲಿನಲ್ಲಿದ್ದ ಹೆಂಗಸರನ್ನು ಕಾಣಲು ಅಪ್ಪಣೆ ಕೇಳಿದರು. ಜೈಲರ್ ಸಾಹೇಬರು ನನ್ನ ಕಡೆ ತಿರುಗಿ, "ಇವ್ರೆಲ್ಲಾ ಕೊಲಿ, ಕಳವು ಮಾಡಿ ಬಂದಾವ್ರು. ಇವ್ರ ಹಂತೇಕ ಅಮ್ಮಾರದೇನು ಕೆಲಸ ಕೇಳು" ಎಂದರು. ನಾನು ಕೇಳಿದೆ. "ಅವರೂ ಮನೆಯಿಂದ ದೂರ ಇದ್ದಾರೆ, ನಾನೂ ದೂರ ಇದ್ದೇನೆ. ಅಷ್ಟೇ ಎಂದು ಹೇಳು" ಎಂದರು ಅಮ್ಮಾವ್ರು. ಬಾಗಿಲು ತೆರೆಯಿತು.

ಒಳಗೆ ಹೆಂಗಸರು ಜೋಳ ಬೀಸುತ್ತಿದ್ದರು. ಅವರಲ್ಲೊಬ್ಬಳು ಮುಂಡರಗಿ ಕಡೆಯವಳು, ನನಗಿಂತ ಐದಾರು ವರ್ಷ ದೊಡ್ಡವಳಿರಬೇಕು. ಹೊಲದಲ್ಲಿ ಮೈಮೇಲೆ ಬಿದ್ದ ಮೈದುನನಿಗೆ ಕುಡಗೋಲು ಬೀಸಿದ್ದಳು, ಅವನು ಉಳಿಯಲಿಲ್ಲ. ಗಂಡ ಒಮ್ಮೆಯೂ ನೋಡಲು ಬಂದಿರಲಿಲ್ಲ. ಅಮ್ಮಾವ್ರು ಅವಳ ಮುಂದೆ ನೆಲದ ಮೇಲೆಯೇ ಕುಳಿತರು. ಅವಳು ತಲೆಯೆತ್ತಿ ನೋಡಿ, "ಯವ್ವಾ, ನೆಲಾ ತಣ್ಣಗೈತಿ, ಮ್ಯಾಲ ಕುಂಡ್ರು" ಎಂದಳು.

ಯವ್ವಾ! ಹನ್ನೆರಡು ವರ್ಷ ಅವರ ಮನೆಯ ಅನ್ನ ಉಂಡ ನನಗೆ ಬಾಯಿಗೆ ಬಾರದಿದ್ದ ಮಾತು ಈ ಕೈದಿಗೆ ಮೊದಲ ದಿನವೇ ಬಂತು. ಅಮ್ಮಾವ್ರು ಅದಕ್ಕೆ ನನ್ನಿಂದ ಅರ್ಥ ಕೇಳಲಿಲ್ಲ. ಓಗೊಟ್ಟರು.

ಮೊದಮೊದಲು ವಾರಕ್ಕೊಮ್ಮೆ ಹೋಗುತ್ತಿದ್ದುದು ಬರಬರುತ್ತ ವಾರಕ್ಕೆರಡಾಯಿತು. "ನಿನ್ನ ಹೆಸರು ಹಿಡಿದು ದಿನಾಲೂ ಪ್ರಾರ್ಥನೆ ಮಾಡುತ್ತೇನೆಂದು ಅವಳಿಗೆ ಹೇಳು" ಎನ್ನುತ್ತಿದ್ದರು ಅಮ್ಮಾವ್ರು. ನಾನು ಒಂದಕ್ಷರ ಬಿಡದೆ ಹೇಳುತ್ತಿದ್ದೆ. ನನ್ನ ಹೆಸರು ಹಿಡಿದು ಎಂದಾದರೂ ಪ್ರಾರ್ಥಿಸಿದ್ದಾರೆಯೇ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅವರ ಅಕ್ಕರೆಯ ಮಾತುಗಳೆಲ್ಲ ನನ್ನ ಬಾಯಿಂದಲೇ ಹಾದು ಅವಳಿಗೆ ಸೇರಬೇಕಿತ್ತು. ಅದರ ಉರಿ ನನಗೇ ಗೊತ್ತು.

ಒಂದು ದಿನ ಜೈಲರ್ ಸಾಹೇಬರ ಹೆಂಡತಿ ಮಾತಿಗೆ ಹಿಡಿದದ್ದರಿಂದ ನಾನು ಒಳಗೆ ಹೋಗುವುದು ತಡವಾಯಿತು. ಹೋಗಿ ನೋಡಿದರೆ ಬೇವಿನ ನೆರಳಲ್ಲಿ ಅಮ್ಮಾವ್ರು ತಲೆ ಬಿಚ್ಚಿಕೊಂಡು ಕುಳಿತಿದ್ದಾರೆ. ಅವಳು ಹಿಂದೆ ಕುಳಿತು ಬಾಚುತ್ತಿದ್ದಾಳೆ. ಆ ಕೂದಲನ್ನು ನಾವ್ಯಾರೂ ಮುಟ್ಟಿದ್ದಿಲ್ಲ. ಬೋರ್ಡಿಂಗಿನಲ್ಲಿ ಬಿಚ್ಚಿದ್ದನ್ನು ನೋಡಿಯೂ ಇರಲಿಲ್ಲ.

ಆ ಸಂಜೆ ಟಾಂಗಾದಲ್ಲಿ ಬರುವಾಗ ಅಮ್ಮಾವ್ರು ತಮ್ಮಷ್ಟಕ್ಕೆ ತಾವೇ, "ಜ್ವಾಳಾ ಹಸನ ಮಾಡಿಯೇನವಾ?" ಎಂದು ಬಾಯಿಪಾಠ ಮಾಡುತ್ತಿದ್ದರು.

"ಜೋಳ ಅನ್ನಬೇಕ್ರಿ. ಜ್ವಾಳಾ ಅಲ್ಲ" ಎಂದೆ.

"ಅಕಿ ಹಂಗ ಅಂತಾಳ" ಎಂದರು, ನಗುತ್ತ.

ನಾನು ವರ್ಷಗಟ್ಟಲೆ ಕಲಿಸಿದರೂ ಹತ್ತದ ಕನ್ನಡ ಬೀಸುವ ಕಲ್ಲಿನ ಮುಂದೆ ಮಳೆಗಾಲ ಮುಗಿಯುವುದರೊಳಗೆ ಹತ್ತಿಬಿಟ್ಟಿತು. ಅದೂ ಮುಂಡರಗಿಯ ಕನ್ನಡ.

ಅವಳಿಗೆ ಸಜೆಯಾಗಿ ಬೆಳಗಾವಿಗೆ ಒಯ್ದರು. ಪೀಡೆ ತೊಲಗಿತೆಂದು ನಾನು ಒಳಗೊಳಗೇ ಖುಷಿಪಟ್ಟೆ. ತಿಂಗಳೊಪ್ಪತ್ತಿನಲ್ಲಿ ಅಮ್ಮಾವ್ರು ತಾವೂ ಬೆಳಗಾವಿಗೆ ವರ್ಗ ಮಾಡಿಸಿಕೊಂಡರು. ನಾನೂ ಬರುತ್ತೇನೆಂದು ಟ್ರಂಕಿಗೆ ಸೀರೆ ತುಂಬುತ್ತಿದ್ದೆ. ಅವರು ಬಂದು ನನ್ನ ಪಕ್ಕದಲ್ಲಿ ಕುಳಿತರು.

"ನೀ ಇಲ್ಲೇ ದವಾಖಾನ್ಯಾಗ ನರ್ಸ್ ಕೆಲಸಾ ಕಲಿ. ಈಗ ನನಗ ದುಭಾಷಿ ಬೇಕಾಗಿಲ್ಲ."

ಪರೀಕ್ಷೆ ಪಾಸಾದ ಹುಡುಗಿಯ ಹಾಗೆ ಸಂತೋಷದಿಂದ ಹೇಳಿದರು. ನನ್ನ ಮುಖ ಅವರು ನೋಡಲಿಲ್ಲವೋ, ನೋಡಿಯೂ ಸುಮ್ಮನಾದರೋ, ಇಂದಿಗೂ ತಿಳಿಯದು.

ನಾನು ನರ್ಸಾದೆ. ಸಿಡುಬಿಗೆ ದೇವಿ ಹಾಕಲು ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆ ಹೋದಾಗ ಹಳೆಯ ಪರಿಚಯದವರು "ಅಮ್ಮಾರು ಎಲ್ಲದಾರವಾ?" ಎಂದರೆ, "ಜೈಲಿನ್ಯಾಗ" ಎಂದುಬಿಡುತ್ತಿದ್ದೆ. ಅವರು ಹೌಹಾರಿದರೆ ನನಗೆ ಒಂದು ಬಗೆಯ ಸಮಾಧಾನ.

ಕನ್ನಡ ನಾಡು ಒಂದಾದ ವರ್ಷದ ಚಳಿಗಾಲದಲ್ಲಿ ಅಮ್ಮಾವ್ರು ಗದಗ ಸ್ಟೇಶನ್ನಿನಲ್ಲಿ ಇಳಿದರು. ಬಹಳ ಸೊರಗಿದ್ದರು. ಕೈಹಿಡಿದು ಇಳಿಸಿದವಳು ಅವಳು, ಸಜೆ ಮುಗಿಸಿ ಬಂದಿದ್ದಳು. ಹಣೆಯ ತುಂಬ ವಿಭೂತಿ. ಅದನ್ನು ಕಂಡು ನಮ್ಮ ಪಾದ್ರಿಗಳು ಅಮ್ಮಾವ್ರನ್ನು ಕೇಳಿಯೇಬಿಟ್ಟರು:

"ದೀಕ್ಷಾಸ್ನಾನ ಆಗಿಲ್ಲೇನ್ರಿ? ಇಷ್ಟು ವರ್ಷ ಅಲ್ಲಿ ಮಾಡಿದ್ದೇನು ಮತ್ತ?"

"ಬೀಸಿದೆ" ಎಂದರು ಅಮ್ಮಾವ್ರು.

ಹದಿನೈದು ದಿನದಲ್ಲಿ ಅವರು ತಮ್ಮ ದೇಶಕ್ಕೆ ಹೊರಟರು. ಹೊರಡುವಾಗ ನನ್ನ ಎರಡೂ ಕೈ ಹಿಡಿದು, "ಇಕಿಗೆ ಊರಿಲ್ಲ. ನೀ ನೋಡ್ಕೋ" ಎಂದರು. ಕೊನೆಯ ಮಾತೂ ಅವಳದೇ ಆಯಿತಲ್ಲ ಎಂದು ಎದೆ ಉರಿದರೂ "ಹೂಂರಿ" ಎಂದೆ.

ದವಾಖಾನೆಯಲ್ಲಿ ಅವಳಿಗೆ ಬಟ್ಟೆ ಒಗೆಯುವ ಕೆಲಸ ಕೊಡಿಸಿದೆ, ನನ್ನ ಪಕ್ಕದ ಖೋಲಿ ಕೊಡಿಸಿದೆ. ಬೇಕಾದ್ದಕ್ಕಿಂತ ಹೆಚ್ಚು ಒಂದು ಮಾತೂ ಆಡಲಿಲ್ಲ. ಒಂದು ದಿನ ಹಿತ್ತಿಲಲ್ಲಿ ಚಾದರ ಹಿಂಡಲು ಇನ್ನೊಂದು ಕೈ ಬೇಕೆಂದು ಅವಳೇ ಕರೆದಳು. ಒಂದು ತುದಿ ಅವಳು, ಒಂದು ತುದಿ ನಾನು.

"ತಂಗೀ, ನೀ ನನ್ನ ಕೂಡ ಯಾಕ ಮಾತಾಡೂದಿಲ್ಲ, ನನಗ ಗೊತ್ತೈತಿ" ಎಂದಳು.

ನಾನು ಚಾದರಕ್ಕೆ ಇನ್ನೊಂದು ಸುತ್ತು ಹಾಕಿದೆ.

"ಗದಗಿನ ಜೈಲಿನ್ಯಾಗ ಇದ್ದಾಗ ನಿನ್ನ ಕಂಡ್ರ ನನ್ನ ಹೊಟ್ಟ್ಯಾಗ ಬೆಂಕಿ ಬೀಳತಿತ್ತು. ಹೊತ್ತು ಮುಳುಗೂದರಾಗ ಯವ್ವನ್ನ ಎಬ್ಬಿಸಿಕೊಂಡು ಹೋಗೇ ಬಿಡತಿದ್ದಿ. ಗ್ವಾಡಿ ಆಚೆ ಟಾಂಗಾದ ಸಪ್ಪಳಾ ಕೇಳೂತನಕಾ ಕಿವಿಗೊಟ್ಟು ನಿಂದರತಿದ್ದೆ. ಇಕಿ ಒಂದು ದಿನಾ ಜಡ್ಡಾಗಿ ಬೀಳಬಾರದಾ, ಯವ್ವ ಒಬ್ಬಾಕೇ ಬರಬಾರದಾ ಅಂತಿದ್ದೆ."

ನನಗೆ ನಗು ಬಂತು. "ಹನ್ನೆರಡು ವರ್ಷದಾಗ ನನಗೊಮ್ಮೆ ತಲಿ ಬಾಚಾಕ ಕೊಟ್ಟಿಲ್ಲ ಅವ್ರು" ಎಂದೆ.

"ನೀ ಕೇಳಿದ್ದೇನು?"

ಕೇಳಿರಲಿಲ್ಲ. ಅಂದಿನಿಂದ ಊಟ ಒಂದೇ ಒಲೆಯದಾಯಿತು.

ಕೆಲವು ವರ್ಷಗಳ ಮೇಲೆ ಅಮ್ಮಾವ್ರು ತೀರಿಕೊಂಡ ಸುದ್ದಿ ಬಂತು. ಮಿಶನ್ ದೇವಾಲಯದಲ್ಲಿ ಎಲ್ಲರೂ ನನ್ನ ಹತ್ತಿರ ಬಂದು ಸಮಾಧಾನ ಹೇಳಿದರು. ಅವಳು ಮೊದಲ ಬಾರಿ ಒಳಗೆ ಬಂದು, ನನ್ನ ಪಕ್ಕದಲ್ಲಿ ಕುಳಿತು, ನಮ್ಮಲ್ಲಿ ಯಾರೂ ಅಳದ ಹಾಗೆ ಹಾಡಿ ಹಾಡಿ ಅತ್ತಳು. ಎಲ್ಲರೂ ಅವಳ ಕಡೆ ತಿರುಗಿದರು. ಇವಳ ಅಳು ನನ್ನದಕ್ಕಿಂತ ದೊಡ್ಡದಾಯಿತಲ್ಲ ಎಂದು ಆಗಲೂ ನನಗೆ ಅನಿಸಿತು. ಆಮೇಲೆ ನನ್ನ ಸೆರಗಿನಿಂದ ಅವಳ ಮುಖ ಒರೆಸಿದೆ.