ಊದಿನಕಡ್ಡಿಯ ಹೊಗೆ ಬಾಗಲಿಲ್ಲ

ಲ್ಯಾಪ್‌ಟಾಪ್ ಸರಿಯಾಗಲಿ ಎಂದು ತಾಯಿ ಬನಶಂಕರಿಗೆ ಹರಕೆ ಹೊತ್ತವರು ನಿಮ್ಮಲ್ಲಿ ಎಷ್ಟು ಜನ ಇದ್ದೀರೋ ಗೊತ್ತಿಲ್ಲ. ನಾನು ಹೊತ್ತಿದ್ದೇನೆ. ನಗುವವರು ನಗಲಿ; ಆ ವಾರ ನನಗಂತೂ ನಗು ಬರುತ್ತಿರಲಿಲ್ಲ.

ನಮ್ಮದು ಗಜೇಂದ್ರಗಡದ ನೇಕಾರರ ಮನೆ. ಅಪ್ಪ ತೀರಿದ ಮೇಲೂ ಅವ್ವ ಮಗ್ಗ ನಿಲ್ಲಿಸಲಿಲ್ಲ. ಅವಳು ನೇಯ್ದಳು, ನಾನು ಓದಿದೆ, ಮೆಕ್ಯಾನಿಕಲ್ ಇಂಜಿನಿಯರ್ ಆದೆ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಈ ಮುಂಗಾರಿನಲ್ಲಿ ನರಗುಂದದ ಒಂದು ಕೃಷಿ ಉಪಕರಣದ ಕಾರ್ಖಾನೆಯಲ್ಲಿ ಕೆಲಸ ಸಿಗುವ ಹಾಗಿತ್ತು. ಮನೆಯಲ್ಲೇ ಕುಳಿತು ನಕ್ಷೆ ಮಾಡಬಹುದು, ಕರೆದಾಗ ಬಸ್ಸಿಗೆ ಹೋಗಿಬರಬಹುದು, ಅವ್ವನನ್ನು ಒಬ್ಬಳೇ ಬಿಡಬೇಕಿಲ್ಲ. ಅದಕ್ಕೆ ಮೊದಲು, ಟ್ರ್ಯಾಕ್ಟರಿಗೆ ಕಟ್ಟಿ ಬೀಜ ಬಿತ್ತುವ ಹೊಸ ಕೂರಿಗೆಯ ನಕ್ಷೆಯನ್ನು ನಾನು ಮಾಡಿ ತೋರಿಸಬೇಕಿತ್ತು.

“ತಂಗಿ, ಕಾಗದದ ಮ್ಯಾಲಿನ ಗೆರಿ ನನಗ ತಿಳಿಯಂಗಿಲ್ಲ,” ಎಂದಿದ್ದರು ಮಾಲೀಕರು. “ಕಂಪ್ಯೂಟರದಾಗ ಕೂರಿಗಿ ತಿರುಗಿಸಿ, ಕೆಳಗ ಮ್ಯಾಲ ಮಾಡಿ ತೋರಿಸು. ಕಾಳ ಇಳಿಯೋ ಕೊಳವಿ ಎಲ್ಲಿ ಕಟ್ಟತೈತಿ ನೋಡೂಣು. ಮಣ್ಣೆತ್ತಿನ ಅಮಾಸಿ ಮರುದಿನ ಬಾ. ನಿನ್ನ ಕೈಲಿ ಆಗಲಿಲ್ಲಂದ್ರ ಬ್ಯಾರೇದವರನ್ನ ಕರೀತೀನಿ, ಸಿಟ್ಟಾಗಬ್ಯಾಡ.”

ಕಷ್ಟ ಶುರುವಾದದ್ದು ಆಮೇಲೆ. ಕ್ಯಾಡ್ ತಂತ್ರಾಂಶದಲ್ಲಿ ಬರೀ ಗೆರೆ ಎಳೆಯುವವರೆಗೆ ಲ್ಯಾಪ್‌ಟಾಪ್ ಚೆನ್ನಾಗಿಯೇ ಇರುತ್ತಿತ್ತು. ಕೂರಿಗೆಯನ್ನು ಮೂರು ಆಯಾಮದಲ್ಲಿ ನಿಲ್ಲಿಸಿ ತಿರುಗಿಸಲು ಹೋದರೆ ಸ್ವಲ್ಪ ಹೊತ್ತಿಗೆ ಚಿತ್ರ ಚೂರುಚೂರಾಗಿ, ಪರದೆ ಕಪ್ಪಾಗಿಬಿಡುತ್ತಿತ್ತು. ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕಿದೆ, ಹಳೆಯದನ್ನೂ ಮತ್ತೆ ಹಾಕಿ ನೋಡಿದೆ. ಇದರೊಳಗೆ ಗ್ರಾಫಿಕ್ಸ್ ಚಿಪ್ ಎರಡು, ಸಣ್ಣ ಕೆಲಸಕ್ಕೊಂದು, ಭಾರದ ಕೆಲಸಕ್ಕೊಂದು. ಸಣ್ಣದರ ಮೇಲೆ ಓಡಿಸಿದರೆ ಪರದೆ ಉಳಿಯುತ್ತಿತ್ತು, ಆದರೆ ಕೂರಿಗೆ ಕುಂಟುತ್ತಿತ್ತು. ದೊಡ್ಡದಕ್ಕೆ ಬದಲಿಸಿದರೆ ಮತ್ತೆ ಕತ್ತಲು. ಲ್ಯಾಪ್‌ಟಾಪಿನ ಮೈ ಬಿಸಿಯಾಗುತ್ತಿತ್ತು, ನಿಜ. ಎಲ್ಲ ಲ್ಯಾಪ್‌ಟಾಪ್‌ಗಳೂ ಬಿಸಿಯಾಗುತ್ತವಲ್ಲ ಎಂದುಕೊಂಡು ಬಿಟ್ಟಿದ್ದೆ.

ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ರೋಣದ ಬಸ್ಸು ಹತ್ತಿದೆ. ಅಲ್ಲಿಯ ರಿಪೇರಿ ಅಂಗಡಿಯವರು ಚಾಲೂ ಮಾಡಿ, ಕೂರಿಗೆಯನ್ನು ಒಂದೆರಡು ಸುತ್ತು ತಿರುಗಿಸಿದರು. ಲಕ್ಷಣವಾಗಿ ತಿರುಗಿತು.

“ಅಕ್ಕಾರ, ಇದಕ್ಕ ಏನೂ ಆಗಿಲ್ರಿ. ನಿಮ್ಮನಿ ಕರೆಂಟ ನೋಡಸ್ರಿ.”

ಮನೆಗೆ ಬಂದು ಹಚ್ಚಿ ಕುಳಿತೆ. ಚಹಾ ಕುಡಿದು ಮುಗಿಸುವಷ್ಟರಲ್ಲಿ ಪರದೆ ಕಪ್ಪು. ಅವ್ವ ಮಗ್ಗದ ಮೇಲಿಂದಲೇ ಅಂದಳು: “ಬಸ್ಸಿನ್ಯಾಗ ಮೆರದಾಡಿ ಬಂದು ಮತ್ತ ಮುನಿಸಿಕೊಂತೇನ ಅದು? ಥೇಟ್ ನಿನ್ನಾಂಗ.”

ಅಮಾವಾಸ್ಯೆಯ ಹಿಂದಿನ ಸಂಜೆ ನನಗೆ ತಾಳಲಾಗಲಿಲ್ಲ. ಮಗ್ಗದ ಮೇಲಿರುವ ತಾಯಿ ಬನಶಂಕರಿಯ ಪಟದ ಕೆಳಗೆ ಕುಳಿತು ಅತ್ತೆ. “ತಾಯಿ, ಅಕ್ಷರ ಕೊಟ್ಟಿ, ಡಿಗ್ರಿ ಕೊಟ್ಟಿ. ಇಷ್ಟು ಕೊಟ್ಟು ಈಗ ಕತ್ತಲ ಮಾಡಬ್ಯಾಡ. ಈ ಮಗ್ಗದಿಂದ ಇಳಿಯೋ ಮುಂದಿನ ಸೀರಿ ನಿನಗ.”

“ಏ, ನನ್ನ ಸೀರಿ ಹರಕಿ ಹೊರಾಕ ನೀ ಯಾರ?” ಎಂದು ಹಿಂದಿನಿಂದ ಅವ್ವನ ಧ್ವನಿ. ಆಮೇಲೆ ಸೆರಗಿನಿಂದ ನನ್ನ ಮುಖ ಒರೆಸಿದಳು. “ಹೊತ್ತಿ, ಹೋಗಲಿ. ಹಸರಂಚಿನ ಸೀರಿ ನೇಯ್ತೀನಿ. ತಾಯಿಗೆ ಚಂದ ಕಾಣತೈತಿ.”

ಅಮಾವಾಸ್ಯೆಯ ದಿನ ನಮ್ಮಲ್ಲಿ ಮಗ್ಗ ಆಡುವುದಿಲ್ಲ. ಧೂಳು ಝಾಡಿಸಿ, ಲಾಳಿ ತೊಳೆದು ಪೂಜೆ ಮಾಡುತ್ತೇವೆ. ಅಂದು ಮಣ್ಣೆತ್ತಿನ ಅಮಾವಾಸ್ಯೆ, ಪೂಜೆಗೆ ಮಣ್ಣಿನ ಎತ್ತುಗಳೂ ಬಂದಿದ್ದವು. ಅವ್ವ ಜೋಡೆತ್ತನ್ನು ನನ್ನ ಲ್ಯಾಪ್‌ಟಾಪಿನ ಮುಂದೆಯೇ ತಂದಿಟ್ಟಳು.

“ಅದನ್ನ ಚಾಲೂ ಮಾಡು. ಎತ್ತ ಇಲ್ಲೇ ಅದಾವ, ಕೂರಿಗಿ ಒಳಗೈತಿ. ತಾಯಿನೂ ಒಂದ ಸಲ ನೋಡಲಿ.”

ಮನಸ್ಸಿಲ್ಲದೆ ಚಾಲೂ ಮಾಡಿ ಕೂರಿಗೆಯನ್ನು ತಿರುಗಲು ಬಿಟ್ಟೆ. ಅವ್ವ ಲ್ಯಾಪ್‌ಟಾಪಿನ ಎಡ ಮಗ್ಗುಲಿಗೆ ಬಾಳೆಹಣ್ಣಿನಲ್ಲಿ ಊದಿನಕಡ್ಡಿ ಚುಚ್ಚಿ, ನಿಧಾನವಾಗಿ ಆರತಿ ಮಾಡಿದಳು. ಆರತಿ ಮುಗಿಯುವುದರೊಳಗೆ ಕೂರಿಗೆ ಚೂರಾಗತೊಡಗಿತು. ಅದನ್ನು ನೋಡಲಾರದೆ ಕಣ್ಣು ಪಕ್ಕಕ್ಕೆ ತಿರುಗಿಸಿದೆ.

ಊದಿನಕಡ್ಡಿಯ ಹೊಗೆ ನೆಟ್ಟಗೆ ಮೇಲೇಳುತ್ತಿತ್ತು.

ಕಡ್ಡಿ ಇದ್ದದ್ದು ಲ್ಯಾಪ್‌ಟಾಪಿನ ಗಾಳಿಕಿಂಡಿಯ ಎದುರಿಗೆ. ಒಳಗಿನ ಫ್ಯಾನು ಅಲ್ಲಿಂದಲೇ ಬಿಸಿ ಗಾಳಿ ಹೊರಗೆ ತಳ್ಳಬೇಕು, ಹೊಗೆ ಬಾಗಬೇಕು. ಬಾಗಲಿಲ್ಲ. ಬೇರೆ ದಿನಗಳಲ್ಲಿ ಮಗ್ಗದ ಸದ್ದಿನಲ್ಲಿ ಫ್ಯಾನು ತಿರುಗುವುದೂ ಕೇಳುತ್ತಿರಲಿಲ್ಲ, ತಿರುಗದಿರುವುದೂ ತಿಳಿಯುತ್ತಿರಲಿಲ್ಲ. ಗಾಳಿಯಾಡದೆ ಒಳಗೆ ಕಾವೇರಿ ದೊಡ್ಡ ಚಿಪ್ ಕೈಕೊಡುತ್ತಿತ್ತು; ರೋಣದ ಅಂಗಡಿಯಲ್ಲಿ ಒಂದೆರಡು ಸುತ್ತಿಗೆ ಅದು ಕಾದೇ ಇರಲಿಲ್ಲ.

ಬಂದ್ ಮಾಡಿ, ತಣಿದ ಮೇಲೆ ತಳದ ಸ್ಕ್ರೂ ಬಿಚ್ಚಿದೆ. ಫ್ಯಾನಿನ ಬಾಯಿಗೆ ನೂಲಿನ ಧೂಳು ಕಂಬಳಿಯಂತೆ ಮೆತ್ತಿತ್ತು. ನಾನು ಓದಿದ್ದು, ಬರೆದದ್ದು ಎಲ್ಲ ಮಗ್ಗದ ಪಕ್ಕದಲ್ಲೇ ಅಲ್ಲವೇ? ಬ್ರಷ್ಷಿನಿಂದ ಎಳೆದು ತೆಗೆದರೆ ಒಂದರ ಮೇಲೊಂದು ಬಣ್ಣ. ಅವ್ವ ಅದನ್ನು ಅಂಗೈಯಲ್ಲಿ ಹಿಡಿದು ಬಿಡಿಸಿದಳು.

“ಅಯ್ಯ, ಇದ ದೀಪಾಳಿಗಿ ನೇಯ್ದ ಕೆಂಪು! ಇದ ನೀ ಪರೀಕ್ಷಾಕ್ಕ ಕುಂತಾಗಿನ ಹಳದಿ.”

ಮತ್ತೆ ಜೋಡಿಸಿ ಚಾಲೂ ಮಾಡಿದೆ. ಹೊಗೆ ಸೊಂಟ ಬಾಗಿಸಿ ದೂರ ಹಾರಿತು. ಕೂರಿಗೆ ತಿರುಗಿತು, ತಿರುಗುತ್ತಲೇ ಇತ್ತು. ಅವ್ವನೂ ನಾನೂ ಪಟದ ಮುಂದೆ ಅಡ್ಡಬಿದ್ದೆವು. ಇನ್ನೂ ಕೆಲಸ ಬಾಕಿಯಿತ್ತು, ಆದರೆ ಅಮಾವಾಸ್ಯೆ. ಅವ್ವನ ಮುಖ ನೋಡಿದೆ.

“ಮಗ್ಗ ಆಡಸಬಾರದು ಅಂದೀನಿ. ಮಣ್ಣೆತ್ತಿನ ದಿನಾ ಕೂರಿಗಿ ಕಟ್ಟಬಾರದಂತ ಯಾರ ಹೇಳ್ಯಾರ? ಮಾಡು. ಕಡಬ ಬಿಸಿ ಇದ್ದಾಗ ತಿಂದ ಮಾಡು.”

ಮರುದಿನ ನರಗುಂದದಲ್ಲಿ ಮಾಲೀಕರು ಮೌಸನ್ನು ನನ್ನ ಕೈಯಿಂದ ಕಸಿದುಕೊಂಡು, ಕೂರಿಗೆಯನ್ನು ಅಂಗಾತ ಕೆಡವಿ ನೋಡಿದರು. “ಇಲ್ಲಿ ಕಾಳ ಕಟ್ಟತೈತಿ ನೋಡು,” ಎಂದರು. ಅವರೆದುರೇ ಕೊಳವೆಯ ಬಾಗು ತಿದ್ದಿ ಮತ್ತೆ ತಿರುಗಿಸಿ ತೋರಿಸಿದೆ. ಪರದೆ ಮಿಟುಕಲಿಲ್ಲ. “ಸೋಮವಾರದಿಂದ ನಮ್ಮ ಕೆಲಸ ಹಿಡಿ ತಂಗಿ,” ಎಂದರು. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಅವ್ವನಿಗೆ ಫೋನ್ ಮಾಡಿದೆ.

ಧೂಳು ತೆಗೆದರೆ ಸರಿಯಾಯಿತು, ಇದರಲ್ಲಿ ದೇವಿಯೇನು ಮಾಡಿದಳು ಎಂದು ಗೆಳತಿ ಕೇಳಿದಳು. ಧೂಳು ತೆಗೆದದ್ದು ನಾನೇ. ಆದರೆ ಪರದೆಯ ಮೇಲೇ ನೆಟ್ಟಿದ್ದ ನನ್ನ ಕಣ್ಣನ್ನು ಆ ಗಳಿಗೆಯಲ್ಲಿ ಹೊಗೆಯ ಕಡೆ ಹೊರಳಿಸಿದವಳು ತಾಯಿ. ಅದರಲ್ಲಿ ನನಗೆ ಅನುಮಾನವಿಲ್ಲ.

ಹಸಿರಂಚಿನ ಸೀರೆ ಮಗ್ಗದಿಂದ ಇಳಿದ ವಾರವೇ ಗುಡಿಗೆ ಹೋಗಿ ಅದನ್ನು ತಾಯಿಗೆ ಉಡಿಸಿ ಬಂದೆವು. ಈಗ ಪ್ರತಿ ಅಮಾವಾಸ್ಯೆಗೆ ಮಗ್ಗದ ಜೊತೆ ಲ್ಯಾಪ್‌ಟಾಪಿಗೂ ಧೂಳು ಝಾಡಿಸಿ ಪೂಜೆ. ಅವ್ವ ಗಾಳಿಕಿಂಡಿಯ ಎದುರು ಊದಿನಕಡ್ಡಿ ಹಿಡಿದು ಕಣ್ಣು ಕಿರಿದು ಮಾಡಿ ನೋಡುತ್ತಾಳೆ. ಹೊಗೆ ಬಾಗಿದ ಕೂಡಲೇ ಎರಡೂ ಕೈ ಮುಗಿಯುತ್ತಾಳೆ.

“ಉಸರಾಡಾಕತ್ತೈತಿ ಬಿಡು. ಕುಂದುರು, ನಿನ್ನ ಕೆಲಸ ನೋಡು.”