ಎರಡು ವಾಗ್ದಾನದ ಚೀಟಿಗಳು

ನನ್ನ ಗಂಡನನ್ನು ಮಣ್ಣು ಮಾಡಿದ ಐದನೆಯ ದಿನ ನಮ್ಮ ಮನೆಯ ಮುಂದೆ ಶಾಮಿಯಾನ ಹಾಕಿ, ಕಂಬಕ್ಕೆ ಎರಡು ಸ್ಪೀಕರ್ ಕಟ್ಟಿ, ನೂರರಷ್ಟು ಜನ ಚಪ್ಪಾಳೆ ತಟ್ಟುತ್ತ ಹಾಡಿದರು. ಶೋಕದ ಹಾಡಲ್ಲ, ದೇವರನ್ನು ಕೊಂಡಾಡುವ ಹಾಡು. ನಾನು ಚಾಪೆಯ ಮೇಲೆ ತಲೆಗೆ ಸೆರಗು ಹೊದ್ದು ಕೂತಿದ್ದೆ. ನಮ್ಮ ಮನೆಯ ಮಾಲಕಿ ರತ್ನಂ ಆಂಟಿ ಪಕ್ಕದಲ್ಲಿ ಕೂತು, ನನ್ನ ಎರಡೂ ಕೈ ಹಿಡಿದು ತಾವೇ ಚಪ್ಪಾಳೆ ಹಾಕಿಸುತ್ತಿದ್ದರು. “ಚಪ್ಪಟ್ಲು ಕೊಟ್ಟಮ್ಮಾ” ಎನ್ನುವಾಗ ಅವರ ಕಣ್ಣಿಂದ ಧಾರೆಯಾಗಿ ನೀರು ಇಳಿಯುತ್ತಿತ್ತು. ಅಳುತ್ತಲೇ ಚಪ್ಪಾಳೆ. ನನ್ನ ಕೈಗಳು ಯಾರದೋ ಕೈಗಳಂತೆ ಸದ್ದು ಮಾಡಿದವು.

ಇದಕ್ಕೆ ಇಲ್ಲಿ ಆದರಣ ಕೂಡಿಕ ಎನ್ನುತ್ತಾರೆ. ಸಾವಾದ ಮನೆಯವರಿಗೆ ಸಮಾಧಾನ ಹೇಳಲು ಸೇರುವ ಸಭೆ. ನಮ್ಮ ಬೆಟಗೇರಿಯಲ್ಲಿ ಸಾವಿನ ಮನೆಗೆ ಬಂದವರು ಚಪ್ಪಲಿಯನ್ನೂ ಸದ್ದಾಗದಂತೆ ಬಿಡುತ್ತಾರೆ. ಬೆಂಚಿನ ಮೇಲೆ ಕೂತು, ಹೇಳಬೇಕಾದದ್ದನ್ನು ನೆಲಕ್ಕೆ ಹೇಳಿ ಏಳುತ್ತಾರೆ. ನಮ್ಮಪ್ಪ ಮಗ್ಗದ ಕೆಲಸದವನು. ಹೊಸ ಸೀರೆ ಮಗ್ಗದಿಂದ ಇಳಿದಾಗ ಅದರ ಮೇಲೆ ಅಂಗೈ ಇಟ್ಟು ಒಂದು ಗಳಿಗೆ ಸುಮ್ಮನೆ ಕೂತಿರುತ್ತಿದ್ದ. “ಏನ್ ಮಾಡಾಕತ್ತಿ ಅಪ್ಪಾ?” ಎಂದು ಕೇಳಿದರೆ, “ಅಂವಗ ಗೊತ್ತಾಗತೈತಿ, ನೀ ಸುಮ್ನಿರು” ಅನ್ನುತ್ತಿದ್ದ. ದೇವರ ಸ್ತುತಿ ಎಂದರೆ ಅಷ್ಟೇ ಎಂದು ತಿಳಿದು ಬೆಳೆದವಳು ನಾನು.

ಹನ್ನೆರಡು ವರ್ಷದ ಹಿಂದೆ ನಮ್ಮವರಿಗೆ ಅಚ್ಯುತಾಪುರಂನ ಬಟ್ಟೆ ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಮಗಳು ಶಾಲಿನಿಗೆ ಆಗ ಎಂಟು. ಅವಳ ಶಾಲೆಗಾಗಿ ವಿಶಾಖಪಟ್ಟಣದ ಅಂಚಿನ ಪೆಂಡುರ್ತಿಯಲ್ಲಿ ಮನೆ ಹುಡುಕಿದೆವು. ಅವರು ಕಂಪನಿ ಬಸ್ಸಿನಲ್ಲಿ ಹೋಗಿಬರುವುದೆಂದಾಯಿತು. ನಾಲ್ಕು ಮನೆಯವರು ನಮ್ಮ ಕ್ರೈಸ್ತ ಹೆಸರು ಕೇಳಿ, ತೆಗೆದ ಬಾಗಿಲಿಗೆ ಮತ್ತೆ ಹಾಕಲು ಬೀಗ ಹುಡುಕತೊಡಗಿದರು. ಐದನೆಯದು ರತ್ನಂ ಆಂಟಿಯದು. ಗೇಟು ತೆಗೆಯುತ್ತಲೇ, “ಪ್ರೈಸ್ ದ ಲಾರ್ಡ್ ಅಂಡಿ!” ಎಂದರು. ನಾವು ಕೈಮುಗಿದು “ನಮಸ್ಕಾರ್ರೀ” ಎಂದೆವು. ಅವರ ಮುಖ ಸಣ್ಣದಾಯಿತು. “ಮೀರು ವಿಶ್ವಾಸುಲೇನಾ?” ನೀವು ನಿಜವಾಗಿ ನಂಬಿದವರೇ ಹೌದೇ ಎಂಬ ಅನುಮಾನ. ಇಲ್ಲಿಯವರಿಗೆ ಆ ಮಾತೇ ನಮಸ್ಕಾರ. ಫೋನ್ ಎತ್ತಿದರೂ ಅದೇ, ಹಾಲಿನವನಿಗೂ ಅದೇ. ಅಂದವರಿಗೆ ತಿರುಗಿ ಅನ್ನದಿದ್ದರೆ ಚಾಚಿದ ಕೈಯನ್ನು ಬಿಟ್ಟುಹೋದಂತೆ.

ಕಲಿತೆ. ಇಗರ್ಜಿಗೆ ಮಂದಿರಂ, ಪಾಸ್ಟರರಿಗೆ ಅಯ್ಯಗಾರು. ತೆಲುಗು ಅಕ್ಷರಗಳು ನಮ್ಮ ಅಕ್ಷರಗಳ ದಾಯಾದಿಗಳು, ಕೂಡಿಸಿಕೊಂಡು ಓದಿದರೆ ಮಣಿಯುತ್ತಿದ್ದವು. ಗೋಂಗೂರ ಎಂದು ಅಷ್ಟು ಹೊಗಳಿ ಕೊಟ್ಟದ್ದು ನಮ್ಮ ಪುಂಡಿಪಲ್ಯವೇ. ನಾನು ದಿನಾ ಜೋಳದ ರೊಟ್ಟಿ ಬಡಿಯುವ ಸದ್ದು ಕೇಳಿ ರತ್ನಂ ಆಂಟಿ ಒಂದು ದಿನ ಕಳವಳದಿಂದ ಬಂದು, “ಮೀ ಇಂಟ್ಲೋ ಅಂದರಿಕೀ ಷುಗರಾ?” ಎಂದು ಕೇಳಿದರು. ಮನೆಯವರಿಗೆಲ್ಲ ಸಕ್ಕರೆ ಕಾಯಿಲೆಯೇ? ಇಲ್ಲಿ ರೊಟ್ಟಿ ರೋಗಿಗಳ ಊಟ. ನಮ್ಮವರು ಅದನ್ನು ಹೇಳಿ ಹೇಳಿ ಒಂದು ವಾರ ನಕ್ಕರು. ಶಾಲಿನಿ ಆರೇ ತಿಂಗಳಲ್ಲಿ ತೆಲುಗಿನವಳಾದಳು. ಕನ್ನಡ ಅಡುಗೆಮನೆಗೆ ಉಳಿಯಿತು; ಸಿಟ್ಟು, ಲೆಕ್ಕ, ಕನಸಿನ ಮಾತು ತೆಲುಗಿಗೆ ಹೋದವು.

ಇಲ್ಲಿಯ ಒಂದು ಪದ್ಧತಿ ನಮ್ಮಲ್ಲಿಲ್ಲ. ಹೊಸ ವರ್ಷದ ಮೊದಲ ಬೆಳಗಿನ ಆರಾಧನೆ ಮುಗಿದ ಮೇಲೆ ಅಯ್ಯಗಾರು ಒಂದು ಬಟ್ಟಲು ಹಿಡಿದು ನಿಲ್ಲುತ್ತಾರೆ. ಅದರ ತುಂಬ ಬಣ್ಣದ ಸಣ್ಣ ಚೀಟಿಗಳು, ಒಂದೊಂದರ ಮೇಲೆ ದೇವರ ಒಂದು ವಾಗ್ದಾನ. ಸಾಲಿನಲ್ಲಿ ಹೋಗಿ, ಕಣ್ಣು ಮುಚ್ಚಿ, ಒಂದನ್ನು ಎತ್ತಬೇಕು. ಆ ವರ್ಷಪೂರ್ತಿ ಅದು ನಿಮ್ಮ ಮಾತು. ಹೊರಗೆ ಬಂದು, “ನಿನಗೇನು ಬಂತು, ನಿನಗೇನು ಬಂತು” ಎಂದು ಕೇಳಿಕೊಳ್ಳುತ್ತಾರೆ. ಕೆಲವರು ಸಿಹಿ ಹಂಚುತ್ತಾರೆ. ಇದು ನಂಬಿಕೆಯೋ ಗಿಳಿಶಾಸ್ತ್ರವೋ ಎಂದು ಮೊದಲ ವರ್ಷ ನಕ್ಕಿದ್ದೆ. ವರ್ಷ ಕಳೆದಂತೆ ನಾನೂ ಬಟ್ಟಲಿನ ಮುಂದೆ ಕಾತರದಿಂದ ನಿಲ್ಲತೊಡಗಿದೆ.

ಹೋದ ವರ್ಷದ ಜುಲೈ. ಕೆಲಸ ಮುಗಿಸಿ ಬಸ್ಸು ಹತ್ತಿದ ನಮ್ಮವರು ಕಿಟಕಿಗೆ ತಲೆಯಿಟ್ಟು ಕೂತರು. ಬಸ್ಸಿನಲ್ಲಿದ್ದವರು ದಣಿದ ಜನ, ಎಲ್ಲರೂ ತೂಕಡಿಸುವವರೇ. ನಮ್ಮ ನಿಲ್ದಾಣ ಬಂತು, ಹೋಯಿತು. ನಿದ್ದೆ ಹತ್ತಿದೆ, ಮುಂದೆ ಇಳಿಯುತ್ತಾರೆ ಎಂದು ಜೊತೆಯವರು ಅಂದುಕೊಂಡರಂತೆ. ಕೊನೆಯ ನಿಲ್ದಾಣದಲ್ಲಿ ಡ್ರೈವರು ಭುಜ ಅಲುಗಿಸಿದಾಗ ಗೊತ್ತಾಯಿತು. ಹೃದಯ ನಿಂತು ಎಷ್ಟು ಹೊತ್ತಾಗಿತ್ತೋ ಯಾರೂ ಹೇಳಲಿಲ್ಲ. ಅವರ ಪಕ್ಕದ ಸೀಟು ಖಾಲಿಯಿತ್ತು.

ಆದರಣ ಕೂಡಿಕದಲ್ಲಿ ಹಾಡು ಮುಗಿದ ಮೇಲೆ ಮನೆಯವರು ಎದ್ದು ಸಾಕ್ಷ್ಯ ಹೇಳಬೇಕು. ಸಾಕ್ಷ್ಯವೆಂದರೆ ದೇವರು ನಮಗೆ ಮಾಡಿದ್ದನ್ನು ನೆನೆದು ಎಲ್ಲರ ಮುಂದೆ ಸ್ತೋತ್ರ ಸಲ್ಲಿಸುವುದು. ದುಃಖದಲ್ಲಿ ಹೇಳಿದ ಸ್ತೋತ್ರಕ್ಕೆ ಬೆಲೆ ಹೆಚ್ಚು ಎಂಬುದು ಇಲ್ಲಿಯವರ ನಂಬಿಕೆ. ನನಗೆ ತೆಲುಗು ತಡವರಿಸುತ್ತದೆ. ಪಕ್ಕದ ಹೆಂಗಸರು ಕಾಯುತ್ತಿದ್ದರು. ನಾನು ಮಗಳ ಬೆನ್ನು ನೂಕಿದೆ.

“ಒಲ್ಲೆ ಅವ್ವಾ.”

“ಮಂದಿ ನೋಡಾಕತ್ತಾರ. ಎರಡು ಮಾತು ಹೇಳಿ ಕೂಡು.”

ಎದ್ದಳು. ಅಪ್ಪನ ಅಂಗಿಯ ಕಿಸೆಯಲ್ಲಿ ಸಿಕ್ಕ ಹಳದಿ ಚೀಟಿ ಅವಳ ಕೈಯಲ್ಲಿತ್ತು. ತೆಲುಗಿನಲ್ಲಿ, ಸ್ವಲ್ಪವೂ ನಡುಗದ ದನಿಯಲ್ಲಿ ಹೇಳಿದಳು: ಈ ವರ್ಷ ನಮ್ಮಪ್ಪನಿಗೆ ಬಂದ ವಾಗ್ದಾನ ಇದು. ದೀರ್ಘಾಯುಷ್ಯ ಕೊಡುತ್ತೇನೆ ಅಂತ. ಏಳು ತಿಂಗಳಾಯಿತು. ಯಾರಿಗೆ ಸ್ತೋತ್ರ ಹೇಳಲಿ? “ನೇನು ಚೆಪ್ಪನು.” ನಾನು ಹೇಳುವುದಿಲ್ಲ. ಚೀಟಿಯನ್ನು ಅಯ್ಯಗಾರರ ಮೇಜಿನ ಮೇಲಿಟ್ಟು ಒಳಗೆ ಹೋದಳು.

“ಪಿಲ್ಲ ತಿರಗಬಡಿಂದಿ” ಎಂದು ಹಿಂದಿನ ಚಾಪೆಯಲ್ಲಿ ಯಾರೋ ಅಂದರು. ಹುಡುಗಿ ತಿರುಗಿಬಿದ್ದಳು.

ಆಗ ನಾನು ಎದ್ದು ನಿಲ್ಲಬೇಕಿತ್ತು. ಯಾಕೆಂದರೆ ಆ ಚೀಟಿ ಅವರದಲ್ಲ, ನನ್ನದು. ಜನವರಿಯಲ್ಲಿ ಅವರಿಗೆ ಬಂದದ್ದು ಬೇರೆ: ನೀನು ನೀರು ದಾಟುವಾಗ ನಾನು ಜೊತೆಗಿರುತ್ತೇನೆ ಎಂಬ ಅರ್ಥದ್ದು. ಅದನ್ನು ಕೂಡಿಸಿ ಓದಿದವಳಿಗೆ ‘ನೀರು’ ಎಂಬುದೇ ಕಣ್ಣಿಗೆ ಕುಕ್ಕಿತು. ಸಮುದ್ರದ ಊರು, ಚಂಡಮಾರುತ ನೋಡಿದ್ದೇವೆ. ನನಗೆ ದೀರ್ಘಾಯುಷ್ಯ ಬಂದಿತ್ತು. ಅವರು ಸ್ನಾನಕ್ಕೆ ಹೋದಾಗ ಎರಡನ್ನೂ ಅದಲು ಬದಲು ಮಾಡಿ ನನ್ನದನ್ನು ಅವರ ಕಿಸೆಗೆ ಹಾಕಿದೆ. ಅವರು ತಮ್ಮ ಚೀಟಿಯನ್ನು ಓದಿಯೇ ಇರಲಿಲ್ಲ. “ನೀ ಓದೀಯಲ್ಲ, ಸಾಕು” ಎಂದಿದ್ದರು. ಇಷ್ಟನ್ನು ಎಲ್ಲರ ಮುಂದೆ ಹೇಳುವ ಧೈರ್ಯ ನನಗಿರಲಿಲ್ಲ. ತಿರುಗಿಬಿದ್ದವಳೆಂಬ ಹೆಸರನ್ನು ಮಗಳೇ ಹೊರಲು ಬಿಟ್ಟೆ.

ಮುಂದಿನ ಭಾನುವಾರ ಅಯ್ಯಗಾರು, ಮಕ್ಕಳು ಯಾಕೆ ತಿರುಗಿಬೀಳುತ್ತಾರೆ ಎಂದು ಬೋಧಿಸಿದರು. ನಮ್ಮ ಹೆಸರು ಎತ್ತಲಿಲ್ಲ, ಅಷ್ಟು ಒಳ್ಳೆಯವರು. ಮನೆಯಲ್ಲಿ ಸ್ತುತಿ ನಿಂತರೆ ಮಕ್ಕಳ ಎದೆ ಕಲ್ಲಾಗುತ್ತದೆ ಎಂದರು. ನಾನು ಅದನ್ನೇ ಹಿಡಿದುಕೊಂಡೆ. ದಿನಾ ಬೆಳಿಗ್ಗೆ ಆರಕ್ಕೆ ಅವಳನ್ನು ಎಬ್ಬಿಸಿ ಕೂರಿಸಿದೆ. ಹಾಡದೆ ಚಹಾ ಇಲ್ಲ. ಅವಳು ಗೋಡೆ ನೋಡುತ್ತ ಕೂತಿರುತ್ತಿದ್ದಳು. ನಾನೊಬ್ಬಳೇ ಇಬ್ಬರ ಪಾಲಿನದನ್ನು ಹಾಡುತ್ತಿದ್ದೆ. ಚಹಾ ಬಿಟ್ಟಳು. ಎರಡು ತಿಂಗಳಿಗೆ ವಿಜಯವಾಡದ ಬೆಂಜ್ ಸರ್ಕಲ್ ಬಳಿಯ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆಯ ಕೆಲಸ ಕಲಿಯಲು ಸೇರಿ, ಹಾಸ್ಟೆಲಿಗೆ ಹೋದಳು.

ಅವಳ ಫೋನ್ ಬಂದಾಗ ನಾನು, “ಪ್ರೈಸ್ ದ ಲಾರ್ಡ್” ಎನ್ನುತ್ತಿದ್ದೆ. ತಿರುಗಿ ಅನ್ನಲಿ ಎಂದು ಕಾಯುತ್ತಿದ್ದೆ. ಆ ಕಡೆ ಉಸಿರು, ವಾಹನಗಳ ಹಾರ್ನು. ಅವಳು ಅನ್ನುತ್ತಿರಲಿಲ್ಲ. ಅವಳು ಅನ್ನದೆ ನಾನು ಮಾತು ಮುಂದುವರಿಸುತ್ತಿರಲಿಲ್ಲ. ಫೋನ್ ಕಟ್ಟಾಗುತ್ತಿತ್ತು. ಡಿಸೆಂಬರಿನ ಹೊತ್ತಿಗೆ ಕರೆಯೇ ನಿಂತಿತು.

ಕ್ರಿಸ್‌ಮಸ್ಸಿಗೆ ಬೆಟಗೇರಿಗೆ ಹೋದೆ. “ಇಲ್ಲೇ ಇದ್ದುಬಿಡು, ಅಲ್ಲೇನೈತಿ ನಿಂದು?” ಎಂದ ಅಣ್ಣ. ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿದು ಎಲ್ಲರೂ ಮೌನವಾಗಿ ತಲೆಬಾಗಿದ್ದಾಗ ನನ್ನ ಬಾಯಿಂದ, “ಸ್ತೋತ್ರಂ!” ಎಂದು ಜೋರಾಗಿ ಬಂದುಬಿಟ್ಟಿತು. ಮುಂದಿನ ಮೂರು ಬೆಂಚಿನವರು ತಿರುಗಿ ನೋಡಿದರು. ಒಂದು ಮಗು ಕಿಸಕ್ಕೆಂದಿತು. ನಾನು ಹುಟ್ಟಿ ಬೆಳೆದ ಇಗರ್ಜಿ ಅದು. ಬೇಗ ಮರಳಿ ಬಂದೆ. ನಮ್ಮವರ ಮಣ್ಣು ಇಲ್ಲಿದೆ.

ಜೂನಿನಲ್ಲಿ, ವರ್ಷದ ನೆನಪಿನ ಕೂಡಿಕಕ್ಕೆ ಕೆಲವೇ ವಾರ ಇರುವಾಗ, ಬೆಳಗಿನ ರೈಲು ಹಿಡಿದು ವಿಜಯವಾಡಕ್ಕೆ ಹೋದೆ. ವಿಶಾಖದಲ್ಲಿ ಬೆವರು ಮೈಗಂಟಿಕೊಂಡಿರುತ್ತದೆ; ವಿಜಯವಾಡದಲ್ಲಿ ಅದು ಹುಟ್ಟುವ ಮೊದಲೇ ಸುಟ್ಟುಹೋಗುತ್ತದೆ. ಕೃಷ್ಣೆಯನ್ನು ನೋಡಿದೆ. ನಮ್ಮ ಮಲಪ್ರಭೆ ಕೂಡಿದ ನೀರು ಇಲ್ಲಿಗೆ ಬಂದು ಅಗಲವಾಗಿ, ಯಾರ ಗುರುತೂ ಹಿಡಿಯದೆ ಮಲಗಿದೆ ಅನಿಸಿತು.

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಬಿಳಿ ಕೋಟು ತೊಟ್ಟು ಬಂದಳು. ಕೆನ್ನೆ ಇಳಿದಿತ್ತು.

“ಯಾಕ ಬಂದಿ?”

“ರೊಟ್ಟಿ ತಂದೇನಿ. ಶೇಂಗಾ ಹಿಂಡಿನೂ ಐತಿ.”

“ಪ್ರೈಸ್ ದ ಲಾರ್ಡ್ ಅನ್ನಲಿಲ್ಲಲ್ಲ ಇವತ್ತು? ಅಯ್ಯಗಾರು ಬೈಯೂದಿಲ್ಲೇನು?”

“ಶಾಲೀ, ಆ ಚೀಟಿ ನಿಮ್ಮಪ್ಪಂದಲ್ಲ. ನಂದು.”

ಎಲ್ಲ ಹೇಳಿದೆ. ಅವಳು ರೊಟ್ಟಿಯನ್ನು ಚೂರು ಚೂರು ಮಾಡುತ್ತ ಕೂತಳು, ಒಂದು ಚೂರೂ ಬಾಯಿಗಿಡಲಿಲ್ಲ.

“ಅಪ್ಪಗ ಬಂದಿದ್ದು ಜೊತಿಗಿರತೇನಿ ಅನ್ನೂದಾ?”

“ಹೌದು.”

“ಬಸ್ಸಿನಾಗ ಅವರ ಬಾಜೂಕ ಯಾರೂ ಇರಲಿಲ್ಲ, ಗೊತ್ತೈತಲ್ಲ ನಿನಗ? ಆ ಒಂದು ಮಾತರ ಕಿಸೇದಾಗ ಇರತಿತ್ತು. ಅದನ್ನೂ ತಗದಿ.” ಆಮೇಲೆ ಅವಳ ಸಿಟ್ಟಿನ ಭಾಷೆ ಬಂತು. “ಎಂದುಕಮ್ಮಾ?” ಯಾಕಮ್ಮಾ?

“ಅಂಜಿದ್ದೆ.”

“ಸ್ತೋತ್ರ ಹೇಳು ಅಂತ ನನ್ನ ನೂಕಿದಾಕಿ ನೀನು. ದೇವರನ್ನ ನಂಬದಾಕಿನೂ ನೀನ.”

“ಹೌದವ್ವಾ.”

ಜಗಳಕ್ಕೆ ಸಿದ್ಧವಾಗಿ ಬಂದವಳಿಗೆ ನಾನು ಒಪ್ಪಿಕೊಂಡದ್ದೇ ಕಷ್ಟವಾದಂತೆ ಕಂಡಿತು. ಹೊರಗೆ ಬೆಂಜ್ ಸರ್ಕಲಿನ ಗದ್ದಲ ಕಿಟಕಿಯ ಗಾಜನ್ನು ನಡುಗಿಸುತ್ತಿತ್ತು. ಡ್ಯೂಟಿಗೆ ಹೊತ್ತಾಯಿತೆಂದು ಎದ್ದಳು. ಚೂರುಗಳನ್ನೆಲ್ಲ ಡಬ್ಬಿಗೆ ತುಂಬಿಕೊಂಡಳು. ಎರಡು ಹೆಜ್ಜೆ ಹೋಗಿ ತಿರುಗಿ ನಿಂತಳು.

“ಹಂಗಾರ ದೀರ್ಘಾಯುಷ್ಯ ನಿಂದು. ಬಿ.ಪಿ. ಗುಳಿಗಿ ತಗೋತಿ ಇಲ್ಲೋ?”

“ತಗೋತೇನಿ.”

“ತಗೋ.”

ವರ್ಷದ ಕೂಡಿಕಕ್ಕೆ ಬರುತ್ತೇನೆ ಎಂದೂ ಅನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಬಂದಳು. ಹಾಡು ಅರ್ಧ ಮುಗಿದಾಗ ಬಂದು, ಚಪ್ಪಲಿಗಳ ಪಕ್ಕ, ಕೊನೆಯ ಚಾಪೆಯ ತುದಿಯಲ್ಲಿ ಕೂತಳು. ತಲೆಗೆ ಏನೂ ಹೊದ್ದಿರಲಿಲ್ಲ. ಹೆಂಗಸರು ಪಿಸುಗುಟ್ಟಿದರು.

ಸಾಕ್ಷ್ಯದ ಹೊತ್ತಿಗೆ ನಾನೇ ಎದ್ದೆ. ತೆಲುಗಿನಲ್ಲಿ ಬರೆದುಕೊಂಡು ಬಂದಿದ್ದೆ. ನಿಂತ ಮೇಲೆ ಅಕ್ಷರ ಕಣ್ಣಿಗೆ ಹತ್ತಲಿಲ್ಲ. ಅಯ್ಯಗಾರು ಮೆಲ್ಲಗೆ, “ಮೀ ಭಾಷಲೋನೇ ಚೆಪ್ಪಂಡಮ್ಮಾ” ಎಂದರು. ನಿಮ್ಮ ಭಾಷೆಯಲ್ಲೇ ಹೇಳಿ. ಪರಊರಿನ ಬೋಧಕರು ಬಂದಾಗ ಒಬ್ಬರು ಪಕ್ಕದಲ್ಲಿ ನಿಂತು ಸಾಲುಸಾಲಾಗಿ ತರ್ಜುಮೆ ಮಾಡುವುದು ಇಲ್ಲಿಯ ರೂಢಿ. ಯಾರು ಮಾಡುತ್ತೀರಿ ಎಂದು ಅಯ್ಯಗಾರು ಸುತ್ತ ನೋಡಿದರು. ಆ ಸಭೆಯಲ್ಲಿ ಎರಡೂ ಭಾಷೆ ಬಲ್ಲವಳು ಒಬ್ಬಳೇ. ಶಾಲಿನಿ ಎದ್ದು, ಜನರ ನಡುವೆ ದಾರಿ ಮಾಡಿಕೊಂಡು ಬಂದು, ಇನ್ನೊಂದು ಮೈಕು ಹಿಡಿದಳು. ನನ್ನ ಮುಖ ನೋಡಲಿಲ್ಲ.

ನಾನು ಒಂದು ಸಾಲು ಹೇಳಿದೆ, ಅವಳು ಒಂದು ಸಾಲು ಹೇಳಿದಳು. ನಮ್ಮವರು ಒಳ್ಳೆಯವರಾಗಿದ್ದರು. ಸ್ತೋತ್ರಂ, ಎಂದರು ಜನ. ಅವರಿಗೆ ರೊಟ್ಟಿ ಇಷ್ಟ. ಸ್ತೋತ್ರಂ. ಅವರಿಗೆ ಬಂದ ವಾಗ್ದಾನವನ್ನು ನಾನು ಕದ್ದೆ. ಶಾಲಿನಿ ಅದನ್ನೂ ಹಾಗೆಯೇ ತೆಲುಗಿಗೆ ತಂದಳು. ಸ್ತೋತ್ರಂ ಬರಲಿಲ್ಲ. ಚೀಟಿ ಬದಲಾಯಿಸಿದ್ದು, ನೀರಿಗೆ ಹೆದರಿದ್ದು, ವರ್ಷವಿಡೀ ಬಾಯಿ ಮುಚ್ಚಿಕೊಂಡಿದ್ದು, ಎಲ್ಲವನ್ನೂ ಅವಳ ಬಾಯಿಂದ ಇನ್ನೊಮ್ಮೆ ಕೇಳಿದೆ.

“ತಪ್ಪು ನಂದು. ನನ್ನ ಮಗಳದಲ್ಲ” ಎಂದೆ.

ಮೈಕು ಅವಳ ತುಟಿಯ ಬಳಿಯೇ ಇತ್ತು. ಆ ಸಾಲನ್ನು ಅವಳು ತೆಲುಗಿಗೆ ತರಲಿಲ್ಲ. ಕಾದೆ. ಕಡೆಗೆ ನನಗೆ ಬರುವಷ್ಟು ತೆಲುಗಿನಲ್ಲಿ ನಾನೇ ಹೇಳಿದೆ: “ತಪ್ಪು ನಾದಿ. ಪಿಲ್ಲದಿ ಕಾದು.”

ರತ್ನಂ ಆಂಟಿಯ ಕೈಗಳೂ ಮಡಿಲಲ್ಲಿ ಬಿದ್ದಿದ್ದವು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಈ ಚಾಪೆಗಳ ಮೇಲೆ ನಮ್ಮ ಬೆಟಗೇರಿಯ ಬೆಂಚುಗಳ ಮೌನ ಬಂದು ಕೂತಿತ್ತು. ಅದಕ್ಕಾಗಿ ಎಷ್ಟು ಹಂಬಲಿಸಿದ್ದೆ. ಈಗ ಮಗಳ ಪಕ್ಕದಲ್ಲಿ ನಿಂತು ನನಗೆ ಬೇಕೆನಿಸಿದ್ದು, ಯಾರಾದರೂ ಒಬ್ಬರು, ಈ ಊರಿನ ರೀತಿಯಲ್ಲಿ, ಗಟ್ಟಿಯಾಗಿ ಸ್ತೋತ್ರಂ ಅನ್ನಲಿ ಎಂದು.